ನಿದಾನ ಪ್ರವಾಸ

8 ಜನವರಿ

ಅಕ್ಕನಿಗೆ,

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಹರಿದು ಬಿಸಾಡುವ ಮುಂಚೆ ಒಂದು ಸಲ ಓದಿಬಿಡು, ಆಮೇಲೆ ನಿನ್ನಿಷ್ಟ.

ಇದು ನನ್ನ ಆಸೆಯಲ್ಲ, ಅಮ್ಮನದು. ಹೋದ ವಾರ ಫೋನಿನಲ್ಲಿ ಹೇಳಿದಳು: "ನನ್ನ ಮಂಡಿ ಇನ್ನೆಷ್ಟು ದಿನ ಓಡಾಡುತ್ತೋ ಗೊತ್ತಿಲ್ಲ ಕಣೋ. ಎರಡು ರಾತ್ರಿ ನೀವಿಬ್ರೂ ನನ್ನ ಕಣ್ಣೆದುರು ಒಂದೇ ಸೂರಿನಡಿ ಮಲಗ್ಬೇಕು. ಅಷ್ಟು ಮಾಡ್ಕೊಡಿ, ಇನ್ನೇನೂ ಕೇಳಲ್ಲ." ನಾನು ಅಲ್ಲಿಗೆ ಬಂದರೆ ನೀನು ಬಾಗಿಲು ತೆಗೆಯುವುದಿಲ್ಲ ಎಂದು ಗೊತ್ತು. ಅದಕ್ಕೆ ನೀವೇ ಇಲ್ಲಿಗೆ ಬನ್ನಿ. ದೋಣಿಗಳ ಇಂಜಿನ್ ರಿಪೇರಿ ಮಾಡುವ ನನ್ನ ಶೆಡ್ಡಿನ ಮೇಲೆ ಈಗ ಎರಡು ಕೋಣೆ ಕಟ್ಟಿಸಿದ್ದೇನೆ. ಕಿಟಕಿ ತೆರೆದರೆ ಸಮುದ್ರ ಕಾಣುತ್ತದೆ, ಮುಚ್ಚಿದರೂ ಅದರ ಸದ್ದು ಬಿಡುವುದಿಲ್ಲ.

ಈ ದ್ವೀಪದಲ್ಲಿ ನೋಡುವಂತಾದ್ದು ಏನೂ ಇಲ್ಲ. ಒಂದು ದೀಪದ ಗೋಪುರ, ಒಂದು ಅಂಗಡಿ, ಮೂವತ್ತು ಮನೆ. ಅಮ್ಮನ ಮಂಡಿಗೆ ಇದೇ ಸರಿ. ಒಂದು ನಿದಾನ ಪ್ರವಾಸ. ಮಾರ್ಚ್ ಕೊನೆಯಲ್ಲಿ ಒಂದು ಶುಕ್ರವಾರ ಮದ್ಯಾಹ್ನದ ದೋಣಿಗೆ ಬನ್ನಿ. ಶನಿವಾರ ಏನೂ ಮಾಡುವುದು ಬೇಡ. ಮಾರನೆಯ ದಿನ ಸಂಜೆ ದೋಣಿಗೆ ವಾಪಸ್. ಬಾವನನ್ನು ಕೇಳಿದೆ ಎಂದು ಹೇಳು. ನಿನ್ನ ಮಗಳು ಪಟಾಕಿ ಈಗ ಎಷ್ಟೆತ್ತರ ಆಗಿದ್ದಾಳೆ? ನಾನು ನೋಡಿದಾಗ ನಿನ್ನ ಸೊಂಟಕ್ಕೂ ಬರುತ್ತಿರಲಿಲ್ಲ.

ನಿನ್ನ ತಮ್ಮ,
ಆಮೆ


19 ಜನವರಿ

ಆಮೆಗೆ,

ನಿನ್ನ ಪತ್ರವನ್ನು ಹರಿದಿಲ್ಲ, ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದ್ದೇನೆ. ಇಪ್ಪತ್ತೆರಡು ವರ್ಷದಿಂದ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿರುವವಳಿಗೆ ಇಂಥ ಕಾಗದ ಬರೆಯಲು ಎಷ್ಟು ಧೈರ್ಯ ನಿನಗೆ! ಮೂರು ತಪ್ಪು. ಮೂರೂ ಕಡೆ ಮಹಾಪ್ರಾಣ ನುಂಗಿ ನೀರು ಕುಡಿದಿದ್ದೀಯ. 'ಭಾವ'ನಿಗೆ ಹೊಟ್ಟೆ ಸೀಳಿಲ್ಲ. 'ಮದ್ಯಾಹ್ನ'ವಂತೆ! ಅದೇನು ಹೆಂಡ ಕುಡಿಯುವ ಹೊತ್ತೇನೋ? ಆಮೇಲೆ ಆ 'ನಿದಾನ'. ದ ಬರೆದು ಹೊಟ್ಟೆ ಸೀಳಿದರೆ ಧ ಎಂದು ಅಡುಗೆಮನೆಯ ನೆಲದ ಮೇಲೆ ನಿನ್ನ ಕೈಗೆ ಸೀಮೆಸುಣ್ಣ ಹಿಡಿಸಿ ಕಲಿಸಿದವಳು ನಾನು. ನಿಧಾನ ಎಂದರೆ ಮೆಲ್ಲಗೆ. ಹೊಟ್ಟೆ ಸೀಳದ ನಿದಾನ ಎಂದರೆ ರೋಗದ ಮೂಲ ಎಲ್ಲಿದೆ ಎಂದು ಪತ್ತೆ ಹಚ್ಚುವುದು. ನೀನು ನಮ್ಮನ್ನೆಲ್ಲ ಕರೆದಿರುವುದು ಮೂಲ ಹುಡುಕುವ ಪ್ರವಾಸಕ್ಕೆ. ಹುಡುಕೋಣ, ನನ್ನದೇನೂ ಅಡ್ಡಿಯಿಲ್ಲ.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ನಿನ್ನ ಜೊತೆ ಈ ಜನ್ಮದಲ್ಲಿ ಮಾತಾಡುವುದಿಲ್ಲ ಎಂದಿದ್ದೆ. ಬರೆಯುವುದಿಲ್ಲ ಎಂದಿರಲಿಲ್ಲ.

ಮೂಲ ನಾನೇ ಹೇಳಿಬಿಡುತ್ತೇನೆ. ಆರು ವರ್ಷದ ಹಿಂದೆ ಗಾಳಿಗೆ ನಿಮ್ಮ ದ್ವೀಪದ ಟವರ್ ಬಿದ್ದು ನಾಲ್ಕು ದಿನ ಫೋನ್ ಇರಲಿಲ್ಲ. ಸೋಮವಾರ ಬೆಳಿಗ್ಗೆ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ಕೂಡಲೇ, ಅಪ್ಪನ ಬಸ್ ಡಿಪೋದ ಡ್ರೈವರ್ ಒಬ್ಬರ ಕೈಯಲ್ಲಿ ಚೀಟಿ ಕಳಿಸಿದೆ. ಅವರು ಜೆಟ್ಟಿಯಲ್ಲಿ ದೋಣಿಯವನಿಗೆ ಕೊಟ್ಟರು, ದೋಣಿಯವನು ಅದೇ ಸಂಜೆ ನಿನ್ನ ಕೈಗೇ ಕೊಟ್ಟನಂತೆ. ಬಾ ಎಂದು ಬರೆದಿದ್ದೆ. ಮಂಗಳವಾರ ನೀನು ಬರಲಿಲ್ಲ. ಬುಧವಾರವೂ ಬರಲಿಲ್ಲ. ವಾರ್ಡಿನ ಬಾಗಿಲು ಕಿರ್ ಅಂದಾಗಲೆಲ್ಲ ಅಪ್ಪ "ಬಂದ್ನಾ?" ಎಂದು ಕೇಳುತ್ತಿದ್ದರು. ಬುಧವಾರ ಸಂಜೆ ಹೋಗಿಬಿಟ್ಟರು. ನೀನು ಗುರುವಾರ ಬಂದೆ, ಉಗುರಿನ ತುಂಬ ಗ್ರೀಸ್ ಇಟ್ಟುಕೊಂಡು. "ಈಗ ಬಂದ್ಯಾ, ಆಮೆ?" ಎಂದು ಬಾಗಿಲಲ್ಲೇ ಕೇಳಿದೆ. ನೀನು ಉತ್ತರ ಕೊಡಲಿಲ್ಲ, ಇವತ್ತಿನವರೆಗೂ ಕೊಟ್ಟಿಲ್ಲ.

ಅಮ್ಮ ಕೇಳಿದ್ದಾಳೆ, ಅದಕ್ಕೆ ಬರುತ್ತೇನೆ. ನಿನ್ನ ಮುಖ ನೋಡುವ ಆಸೆಯಿಂದ ಅಂದುಕೊಂಡರೆ ಅದು ನಿನ್ನ ಭ್ರಮೆ. ದೋಣಿಗೆ ಮೆಟ್ಟಿಲೆಷ್ಟು, ಮಂಚ ಎಷ್ಟೆತ್ತರ, ಕಕ್ಕಸು ಒಳಗಿದೆಯೋ ಹೊರಗೋ, ಎಲ್ಲ ಬಿಡಿಸಿ ಬರೆ.

ಅಕ್ಕ


2 ಫೆಬ್ರವರಿ

ಅಕ್ಕನಿಗೆ,

ಜೆಟ್ಟಿಯಿಂದ ದೋಣಿಗೆ ಮೂರು ಮೆಟ್ಟಿಲು, ನೀರು ಇಳಿದಿದ್ದಾಗ ಐದು. ಅದಕ್ಕೆ ನೀರು ಏರಿರುವ ಹೊತ್ತು ನೋಡಿಕೊಂಡೇ ದಿನ ಗೊತ್ತು ಮಾಡೋಣ. ಶೆಡ್ಡಿನಿಂದ ಕೋಣೆಗೆ ಹದಿನಾಲ್ಕು ಮೆಟ್ಟಿಲು. ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಹಾಕುತ್ತಿದ್ದೇನೆ. ಏಳನೆಯ ಮೆಟ್ಟಿಲ ಪಕ್ಕದ ಗೋಡೆಗೆ ಒಂದು ಹಲಗೆ ಕೂರಿಸಿದ್ದೇನೆ, ಅಮ್ಮ ಕೂತು ಸುಧಾರಿಸಿಕೊಳ್ಳಲಿ ಎಂದು. ಮಂಚದ ಕಾಲನ್ನು ಎರಡು ಸಲ ಕೊಯ್ದೆ, ಈಗ ಅಮ್ಮನ ಮಂಡಿಯ ಎತ್ತರಕ್ಕೆ ಸರಿಯಾಗಿದೆ. ಅಳತೆಯನ್ನು ಅವಳಿಂದಲೇ ಕೇಳಿಕೊಂಡೆ. ಕಕ್ಕಸು ಒಳಗೇ ಇದೆ.

'ಭಾವ', 'ಮಧ್ಯಾಹ್ನ' ಇಪ್ಪತ್ತಿಪ್ಪತ್ತು ಸಲ ಬರೆದು ಕಲಿತೆ. ನಿದಾನ ಮಾತ್ರ ಕೈಗೆ ಹತ್ತುತ್ತಿಲ್ಲ.

ಉಳಿದದ್ದಕ್ಕೆ ಉತ್ತರ ಬರೆಯುವುದಿಲ್ಲ. ತಪ್ಪು ತಿಳಿಯಬೇಡ.

ಆಮೆ


14 ಫೆಬ್ರವರಿ

ಆಮೆಗೆ,

ತಪ್ಪು ತಿಳಿಯಬಾರದಂತೆ! ಸರಿಯಾಗಿ ತಿಳಿಯುವುದಕ್ಕೆ ನೀನು ಏನಾದರೂ ಹೇಳಿದ್ದೀಯಾ?

ನಿನ್ನ ಶನಿವಾರದ ಕಾರ್ಯಕ್ರಮವನ್ನು ಮನೆಯಲ್ಲಿ ಓದಿ ಹೇಳಿದೆ. "ಏನೂ ಮಾಡದೆ ಇರೋದನ್ನ ಎಷ್ಟು ಗಂಟೆಗೆ ಶುರು ಮಾಡ್ಬೇಕಂತೆ?" ಎಂದು ನಿನ್ನ ಭಾವ ಕೇಳಿದರು. ತಮಾಷೆಗಲ್ಲ, ಈ ಮನುಷ್ಯ ನಿಜವಾಗಿಯೂ ಕೇಳಿದ್ದು. ಒಂದು ಅಗಲದ ಟೋಪಿ ಕೊಂಡು ತಂದು, ಅದನ್ನು ಹಾಕಿಕೊಂಡೇ ಟಿವಿ ನೋಡುತ್ತಾರೆ. ಪಟಾಕಿ ನಕ್ಷತ್ರಮೀನು ತರುತ್ತೇನೆಂದು ಗಾಜಿನ ಜಾಡಿ ತೊಳೆದು ಒಣಗಿಸಿದ್ದಾಳೆ. ಅಮ್ಮ ಚೀಲಕ್ಕೆ ಬಟ್ಟೆ ತುಂಬುತ್ತಾಳೆ, ತೆಗೆಯುತ್ತಾಳೆ, ಮತ್ತೆ ತುಂಬುತ್ತಾಳೆ. ಇನ್ನೂ ಒಂದೂವರೆ ತಿಂಗಳಿದೆ! ಇವರ ಸಂಭ್ರಮ ನೋಡಿದರೆ ನನ್ನ ಮೈಯೆಲ್ಲ ಉರಿಯುತ್ತದೆ. ಯಾರ ಮನೆಗೆ ಹೊರಟಿದ್ದೇವೆ ಎನ್ನುವುದು ನನ್ನೊಬ್ಬಳಿಗೆ ಮಾತ್ರ ನೆನಪಿರುವುದೇ?

ನಿನ್ನೆ ಪ್ರೆಸ್ಸಿನಲ್ಲೂ ಕೆಲಸ ಕೆಟ್ಟಿತು. ನಮ್ಮ ಕೋಣೆಯಲ್ಲಿ ಎರಡೇ ಮೇಜು. ಎದುರು ಮೇಜಿನಾಕೆ ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾಳೆ, ನಾನು ಕರಡಿನ ಮೇಲೆ ಬೆರಳಿಟ್ಟು ಕೇಳುತ್ತೇನೆ. ಕಣ್ಣು ದಾಟಿಹೋದ ತಪ್ಪು ಕಿವಿಗೆ ಸಿಕ್ಕಿಬೀಳುತ್ತದೆ. ನಿನ್ನೆ ಯಾವುದೋ ಡ್ರೈವಿಂಗ್ ಪುಸ್ತಕ. ಅವಳು 'ನಿಧಾನ' ಎಂದು ಓದಿದ್ದೇ ತಡ, ನನ್ನ ಬೆರಳು ಅಲ್ಲೇ ನಿಂತುಬಿಟ್ಟಿತು. ಬೇರೆ ಮನೆಗಳಲ್ಲಿ ಹೊರಡುವವರಿಗೆ 'ಹುಷಾರು' ಎನ್ನುತ್ತಾರೆ. ನಮ್ಮ ಮನೆಯಲ್ಲಿ 'ನಿಧಾನ' ಎನ್ನುತ್ತಿದ್ದೆವು. ಮೂವತ್ತು ವರ್ಷ ಬಸ್ಸು ಓಡಿಸಿದ ಅಪ್ಪನಿಗೆ ಅದೊಂದೇ ಮಾತು ಗೊತ್ತಿದ್ದದ್ದು. ಪರೀಕ್ಷೆಗೆ ಹೊತ್ತಾಗಿ ಬೀದಿಯಲ್ಲಿ ಓಡುತ್ತಿದ್ದರೂ ಹಿಂದಿನಿಂದ "ನಿಧಾನ ಮಗಾ!" ಎಂದು ಕೂಗುತ್ತಿದ್ದರು. ಆ ಮಾತನ್ನು ತೆಗೆದುಕೊಂಡು ನಿನ್ನ ಪ್ರವಾಸಕ್ಕೆ ಅಂಟಿಸಿದ್ದೀಯಲ್ಲ, ನಾಚಿಕೆಯಾಗುವುದಿಲ್ಲವೇ?

ಈಗ ನನ್ನ ಷರತ್ತು ಕೇಳು. ಏನೂ ಮಾಡದ ಆ ಶನಿವಾರ ನಿನಗೆ ಒಂದು ಕೆಲಸವಿದೆ. ಸೋಮವಾರ ಸಂಜೆ ಚೀಟಿ ಸಿಕ್ಕಿದ್ದೂ ಗುರುವಾರದವರೆಗೆ ಯಾಕೆ ಬರಲಿಲ್ಲ ಎಂದು ಅಮ್ಮನ ಎದುರು ಬಾಯಿಬಿಟ್ಟು ಹೇಳಬೇಕು. ಒಪ್ಪಿಗೆಯಿದ್ದರೆ ಬರೆ. ಇಲ್ಲದಿದ್ದರೆ ಬರೆಯುವ ಶ್ರಮವೂ ಬೇಡ.

ಅಕ್ಕ


25 ಫೆಬ್ರವರಿ

ಅಕ್ಕನಿಗೆ,

ಬೇರೆ ಏನು ಬೇಕಾದರೂ ಹೇಳು, ಮಾಡುತ್ತೇನೆ. ಅಮ್ಮನ ಎದುರು ಇದು ಬೇಡ. ಒಂದು ಮೀನಿನ ದೋಣಿಯ ಇಂಜಿನ್ ಬಿಚ್ಚಿಟ್ಟಿದ್ದೆ, ಮುಗಿಸಿ ಬರುವಷ್ಟರಲ್ಲಿ ತಡವಾಯಿತು. ಅಷ್ಟೇ. ತಪ್ಪು ನನ್ನದು ಎಂದು ಒಪ್ಪಿಕೊಂಡಿದ್ದೇನೆ. ಇಷ್ಟು ಸಾಕಲ್ಲ.

ಕಂಬಿಯ ಬಣ್ಣ ಒಣಗಿದೆ. ನಕ್ಷತ್ರಮೀನನ್ನು ಜಾಡಿಯಲ್ಲಿ ಇಡುವ ಹಾಗಿಲ್ಲ, ನೋಡಿ ಮತ್ತೆ ನೀರಿಗೆ ಬಿಡಬೇಕು ಎಂದು ಪಟಾಕಿಗೆ ಹೇಳು.

ಆಮೆ


3 ಮಾರ್ಚ್

ಇಷ್ಟು ಸಾಕಲ್ಲ ಅಂತೆ! ಸಾಲುವುದಿಲ್ಲ.

ಯಾರದೋ ಇಂಜಿನ್ ಬಿಚ್ಚಿತ್ತು ಎಂದು ನಮ್ಮಪ್ಪ ಬಾಗಿಲು ನೋಡುತ್ತಾ ನೋಡುತ್ತಾ ಹೋಗಬೇಕಾಯಿತು. ಅದನ್ನು ಅಮ್ಮನ ಎದುರು ಹೇಳಲು ನಿನಗೆ ಬಾಯಿ ಬರುವುದಿಲ್ಲ. ಕಂಬಿ ಹಾಕುವುದಕ್ಕೆ, ಮಂಚದ ಕಾಲು ಕೊಯ್ಯುವುದಕ್ಕೆ ಮಾತ್ರ ಕೈ ಬರುತ್ತದೆ. ಹೇಡಿ ನೀನು. ನಿನ್ನ ಈ ಪತ್ರದಲ್ಲಿ ಕಾಗುಣಿತದ ಒಂದು ತಪ್ಪೂ ಇಲ್ಲ, ಗಮನಿಸಿದೆಯಾ? ಏನನ್ನೋ ಮುಚ್ಚಿಡುವಾಗ ಮಾತ್ರ ಶುದ್ಧವಾಗಿ ಬರೆಯುತ್ತೀಯ.

ಪ್ರವಾಸ ರದ್ದು. ಟೋಪಿ ಕಪಾಟು ಸೇರಿತು, ಜಾಡಿ ಅಡುಗೆಮನೆಗೆ ಹೋಯಿತು. "ನಿನ್ನ ಮಗನಿಗೆ ಒಂದು ನಿಜ ಹೇಳೋಕಾಗಲ್ವಂತೆ, ಅದಕ್ಕೆ ಹೋಗ್ತಿಲ್ಲ" ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಚೀಲವನ್ನು ಬಿಚ್ಚಲೂ ಇಲ್ಲ, ಊಟಕ್ಕೆ ಏಳಲೂ ಇಲ್ಲ. ಅದನ್ನೂ ನಿನ್ನ ತಲೆಗೇ ಕಟ್ಟಿಕೋ.

ಅಕ್ಕ


10 ಮಾರ್ಚ್

ಮಗನಿಗೆ,

ನಾನು ಹೇಳ್ತಾ ಇದೀನಿ, ಪಟಾಕಿ ಬರೀತಾ ಇದಾಳೆ. ನಿಮ್ಮಕ್ಕ ಪ್ರೆಸ್ಸಿಗೆ ಹೋಗಿದಾಳೆ. ಫೋನಲ್ಲಿ ಹೇಳಿದ್ರೆ ನೀನು ಹೂಂ ಹೂಂ ಅಂತ ಜಾರ್ಕೋತೀಯ, ಕಾಗದ ಆದ್ರೆ ಕೈಲೇ ಇರುತ್ತೆ.

ಗಂಡನ್ನ ಕಳ್ಕೊಂಡಿದ್ದು ನಾನು, ಜಗಳ ಆಡೋದು ನೀವಿಬ್ರು. ಆರು ವರ್ಷದಿಂದ ಭಾನುವಾರ ನಿನ್ನ ಫೋನ್ ಬಂದ ಕೂಡ್ಲೇ ಅವಳು ಎದ್ದು ಹಿತ್ತಲಿಗೆ ಹೋಗ್ತಾಳೆ. ನಾನು ಇಟ್ಮೇಲೆ ಬಂದು, ಏನೋ ಹುಡುಕೋ ಹಾಗೆ ನನ್ನ ಪಕ್ಕ ಓಡಾಡ್ತಾಳೆ. ನೀನು ಹೇಗಿದೀಯ ಅಂತ ಬಾಯಿಬಿಟ್ಟು ಕೇಳಲ್ಲ. ನಾನೇ ಗೋಡೆಗೆ ಹೇಳೋ ಹಾಗೆ ಹೇಳ್ಬೇಕು. ನನಗೆ ಸಾಕಾಗಿದೆ ಈ ನಾಟಕ.

ನೀನು ಏನೋ ಮುಚ್ಚಿಡ್ತಾ ಇದೀಯ, ಹೆತ್ತವಳಿಗೆ ಗೊತ್ತಾಗಲ್ವಾ? ನನ್ನೆದುರು ಬೇಡ್ವಾ, ಬೇಡ. ಅವಳೊಬ್ಬಳಿಗೇ ಹೇಳು. ಆದ್ರೆ ಹೇಳು. ಏಪ್ರಿಲ್ ಮೊದಲನೇ ಶುಕ್ರವಾರ ನಾನಂತೂ ದೋಣಿ ಹತ್ತೋದೇ. ಯಾರೂ ಬರ್ದಿದ್ರೆ ಈ ಮಗು ಕೈ ಹಿಡ್ಕೊಂಡು ಬರ್ತೀನಿ.

ಅಮ್ಮ

ಮಾವ, ಅಜ್ಜಿ ಬೈದದ್ದನ್ನು ಪೂರ್ತಿ ಬರೆದಿಲ್ಲ, ಜಾಗ ಸಾಲಲಿಲ್ಲ. ನಕ್ಷತ್ರಮೀನನ್ನು ನೋಡಿ ಬಿಟ್ಟುಬಿಡುತ್ತೇನೆ, ಆಣೆ. - ಪಟಾಕಿ


15 ಮಾರ್ಚ್

ಅಕ್ಕಾ,

ಹೇಡಿ ಅಂದೆ. ಹಾಗಾದರೆ ತಗೋ.

ಈ ಕಾಗದದ ಜೊತೆ ಒಂದು ಚೀಟಿ ಇಟ್ಟಿದ್ದೇನೆ. ಅಪ್ಪನ ಬಸ್ಸಿನ ಟ್ರಿಪ್ ಶೀಟಿನ ಹಿಂಬದಿ, ನಿನ್ನದೇ ಅಕ್ಷರ. ಅಮ್ಮನ ಎದುರು ಬಾಯಿಬಿಡು ಅಂದೆಯಲ್ಲ, ಬಾಯಿಬಿಟ್ಟಿದ್ದರೆ ಅಮ್ಮನಿಗೆ ಇದನ್ನು ತೋರಿಸಬೇಕಾಗುತ್ತಿತ್ತು. ಆರು ವರ್ಷದಿಂದ ಸ್ಪ್ಯಾನರ್ ಡಬ್ಬಿಯ ತಳದಲ್ಲಿ ಇಟ್ಟಿದ್ದೆ. ಇನ್ನು ನನ್ನ ಕೈಲಾಗುವುದಿಲ್ಲ. ಬಾ ಎಂದು ಬರೆದಿದ್ದೆ ಅನ್ನುತ್ತೀಯ. ಏನು ಬರೆದಿದ್ದೀಯ ಎಂದು ನೀನೇ ಓದಿಕೋ.

"ಅಪ್ಪನಿಗೆ ಹುಷಾರಿಲ್ಲ. ಆಸ್ಪತ್ರೆಗೆ ಸೇರಿಸಿದ್ದೇವೆ. ಗಾಬರಿಯಾಗಬೇಡ. ನಿಧಾನವಾಗಿ ಬಾ. - ಅಕ್ಕ"

ನೆಲದ ಮೇಲೆ ಇಂಜಿನ್ ಬಿಚ್ಚಿ ಹರಡಿತ್ತು. ಗಾಬರಿಯಿಲ್ಲ ಅಂದಿದ್ದಾಳೆ, ನಿಧಾನವಾಗಿ ಬಾ ಅಂದಿದ್ದಾಳೆ, ಹಾಗಾದರೆ ಇದನ್ನು ಮುಗಿಸಿಕೊಂಡೇ ಹೋಗೋಣ ಅಂದುಕೊಂಡೆ. ಬುಧವಾರ ರಾತ್ರಿ ಮುಗಿಯಿತು. ಗುರುವಾರ ಮೊದಲ ದೋಣಿ ಹತ್ತಿದೆ.

ನಮ್ಮ ಮನೆಯಲ್ಲಿ ಆ ಪದಕ್ಕೆ ಏನರ್ಥ ಎಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ಅವತ್ತು ನನಗೆ ಅನುಕೂಲವಾಗುವ ಹಾಗೆ ಓದಿಕೊಂಡೆ. ಆ ಪಾಲು ನನ್ನದು, ಯಾರಿಗೂ ಕೊಡುವುದಿಲ್ಲ. ಆದರೆ ಬಾಗಿಲಲ್ಲಿ ನಿಂತು "ಈಗ ಬಂದ್ಯಾ" ಎಂದು ನೀನು ಕೇಳಿದಾಗ ಚೀಟಿ ನನ್ನ ಜೇಬಿನಲ್ಲೇ ಇತ್ತು. ತೆಗೆದು ತೋರಿಸಿದ್ದರೆ ನೀನು ಅಲ್ಲೇ ಕುಸಿಯುತ್ತಿದ್ದೆ. ಮನೆಯಲ್ಲಿ ಒಬ್ಬರು ಹೋದದ್ದು ಸಾಕು ಅನ್ನಿಸಿತು, ಸುಮ್ಮನಾದೆ.

ಆರು ವರ್ಷ ಸುಮ್ಮನಿದ್ದದ್ದಕ್ಕೆ ನಿನ್ನಿಂದ ಹೇಡಿ ಅನ್ನಿಸಿಕೊಂಡೆ. ನನಗೂ ಸಿಟ್ಟು ಬರುತ್ತದೆ ಅಕ್ಕಾ. ನಿದಾನವಾಗಿ ಬರುತ್ತದೆ, ಅಷ್ಟೇ.

ಆಮೆ


24 ಮಾರ್ಚ್

ಅಯ್ಯೋ ಮೂರ್ಖಾ,

ಯಾರು ಕೇಳಿದ್ದರು ನಿನ್ನನ್ನು? ನನ್ನನ್ನು ಕಾಪಾಡು ಎಂದು ಯಾರಾದರೂ ನಿನ್ನ ಕಾಲು ಹಿಡಿದಿದ್ದರೇ?

ನಿನ್ನ ಕಾಗದವನ್ನು ಪ್ರೆಸ್ಸಿನಲ್ಲೇ ಒಡೆದೆ. ಅಭ್ಯಾಸಬಲ, ಚೀಟಿ ಕೈಗೆ ಬಂದ ಕೂಡಲೇ ಕೆಂಪು ಪೆನ್ನು ತೆಗೆದೆ. ತಪ್ಪು ಹುಡುಕಿದೆ. ಒಂದೂ ಇಲ್ಲ. ಒತ್ತು, ದೀರ್ಘ, ಪೂರ್ಣವಿರಾಮ, ಎಲ್ಲ ಅಚ್ಚುಕಟ್ಟು. ಆಸ್ಪತ್ರೆಯ ಗೋಡೆಗೆ ಕಾಗದ ಒತ್ತಿ ಹಿಡಿದು ಬರೆಯುತ್ತಿದ್ದ ಆ ಹೊತ್ತಿನಲ್ಲೂ ಧ ಗೆ ಹೊಟ್ಟೆ ಸೀಳುವುದನ್ನು ಮರೆತಿಲ್ಲ ನಾನು! ಅವತ್ತು ಗಾಳಿ ಹುಚ್ಚೆದ್ದು ಬೀಸುತ್ತಿತ್ತು. ಅಪ್ಪ ಎಂದ ತಕ್ಷಣ ನೀನು ಯಾವುದೋ ಪುಟ್ಟ ದೋಣಿಗೆ ಹಾರಿ ಹೊರಟುಬಿಡುತ್ತೀಯ ಎಂದು ನನಗೆ ಜೀವ ಹೋಗಿತ್ತು. ಅದಕ್ಕೆ ಬರೆದ ಮಾತು ಅದು. ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳುತ್ತಿದ್ದ ಹಾಗೆ ಹೇಳಿದ್ದೆ, ಅಷ್ಟೇ. ಬರೆದದ್ದು ಮರೆತೇಹೋಗಿತ್ತು.

ಚೀಟಿಯನ್ನು ಎದುರು ಮೇಜಿನಾಕೆಗೆ ಕೊಟ್ಟೆ. "ಏನಿದು?" ಅಂದಳು. "ಗಟ್ಟಿಯಾಗಿ ಓದು" ಅಂದೆ. ದಿನಾ ಓದುವ ದನಿಯಲ್ಲೇ ಓದಿದಳು. ಓದಿ ಮುಗಿಸಿ, ಹಾಗೇ ನನ್ನ ಕೈಗೆ ವಾಪಸು ಕೊಡುತ್ತಾ, "ಏನೂ ಅರ್ಜೆಂಟ್ ಇರ್ಲಿಲ್ಲ ಅನ್ಸುತ್ತೆ, ಅಲ್ವಾ?" ಎಂದಳು.

ನಾನು ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿ, ನಲ್ಲಿ ಬಿಟ್ಟುಕೊಂಡು ಅತ್ತೆ. ಇಪ್ಪತ್ತೆರಡು ವರ್ಷ ಊರವರ ತಪ್ಪನ್ನೆಲ್ಲ ತಿದ್ದಿದವಳು ನಾನು.

ಆದರೂ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ, ತಿಳಿದುಕೋ. ಈಗ ಇನ್ನೂ ಜಾಸ್ತಿಯಾಗಿದೆ. ಒಂದು ಸಲ, ಒಂದೇ ಒಂದು ಸಲ ಜೇಬಿಗೆ ಕೈ ಹಾಕಿದ್ದರೆ! ಕುಸಿಯುತ್ತಿದ್ದೆ, ನಿಜ. ಕುಸಿದು ಎದ್ದು ನಿನ್ನನ್ನು ಮನೆಯೊಳಗೆ ಕರೆಯುತ್ತಿದ್ದೆ. ಪಟಾಕಿಯ ಹಲ್ಲು ಬಿದ್ದದ್ದನ್ನು ನೀನು ನೋಡಲಿಲ್ಲ, ಹೊಸ ಹಲ್ಲು ಬಂದದ್ದನ್ನೂ ನೋಡಲಿಲ್ಲ. ನನಗೆ ಆಪರೇಷನ್ ಆದಾಗ ಅಮ್ಮನ ಬಾಯಿಂದ ನಿನಗೆ ಗೊತ್ತಾಗಿರುತ್ತದೆ, ಅವತ್ತು ವಾರ್ಡಿನ ಬಾಗಿಲು ಕಿರ್ ಅಂದಾಗಲೆಲ್ಲ ನಾನೂ ತಿರುಗಿ ನೋಡಿದ್ದೆ. ಇದನ್ನೆಲ್ಲ ನನ್ನಿಂದ ಕಿತ್ತುಕೊಂಡವನು ನೀನು, ಅದೂ ನನ್ನ ಒಳ್ಳೆಯದಕ್ಕಂತೆ! ಅಕ್ಕ ನಾನು. ಕಾಪಾಡುವ ಕೆಲಸ ನನ್ನದು, ಅದನ್ನು ನಿನಗೆ ವಹಿಸಿದವರು ಯಾರು?

ಅಮ್ಮನಿಗೆ ನಾನೇ ಹೇಳಿದೆ. ಚೀಟಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು, ಹಿಂದೆ ತಿರುಗಿಸಿ ಅಪ್ಪನ ಬಸ್ಸಿನ ನಂಬರನ್ನೂ ಓದಿದಳು. ಚೀಟಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟಳು. ಆಮೇಲೆ, "ಅವಳು ಅವರಪ್ಪನ ಹಾಗೆ ಬರೆದ್ಳು, ಅವನು ಲೋಕದವರ ಹಾಗೆ ಓದಿದ. ಇನ್ನು ಇಬ್ರೂ ಬಾಯ್ಮುಚ್ಕೊಂಡು ನನ್ನನ್ನ ದೋಣಿ ಹತ್ತಿಸಿ" ಎಂದಳು. ಇದನ್ನೂ ಗೋಡೆಗೇ ಹೇಳಿದಳು.

ಏಪ್ರಿಲ್ ಮೊದಲ ಶುಕ್ರವಾರ ಬರುತ್ತಿದ್ದೇವೆ. ಮಧ್ಯಾಹ್ನದ ದೋಣಿ ನನಗೆ ಬೇಡ, ಬೆಳಗಿನ ಮೊದಲ ದೋಣಿಗೇ ಬರುತ್ತೇವೆ. ನೀರು ಇಳಿದು ಐದು ಮೆಟ್ಟಿಲಿದ್ದರೂ ಸರಿ, ಅಮ್ಮನನ್ನು ನಾನೂ ನಿನ್ನ ಭಾವನೂ ಎತ್ತಿಕೊಂಡೇ ಇಳಿಸುತ್ತೇವೆ. ಟೋಪಿ ಕಪಾಟಿನಿಂದ ಹೊರಗೆ ಬಂದಿದೆ. ಶನಿವಾರ ಏನೂ ಮಾಡುವುದಿಲ್ಲ ಎನ್ನುವುದಕ್ಕೆ ನನ್ನ ಒಪ್ಪಿಗೆ ಇದೆ. ನಿನ್ನ ಮಂಚದ ಮೇಲೆ ಬಿದ್ದುಕೊಂಡು ದಿನವಿಡೀ ನಿನ್ನನ್ನು ಬೈಯುತ್ತೇನೆ.

ಚೀಟಿಯನ್ನು ತಿದ್ದಿ, ನಿನ್ನ ಕಾಗದದ ಜೊತೆ ವಾಪಸು ಕಳಿಸುತ್ತಿದ್ದೇನೆ. ಚೀಟಿಯಲ್ಲಿ 'ಬಾ' ಹಿಂದಿನ ಒಂದು ಪದಕ್ಕೆ ಕೆಂಪು ಗೆರೆ ಎಳೆದು, ಅಂಚಿನಲ್ಲಿ ತೆಗೆದುಹಾಕುವ ಗುರುತು ಹಾಕಿದ್ದೇನೆ. ಉಳಿದದ್ದನ್ನು ಓದಿಕೋ. ಕಾಗದದಲ್ಲಿನ ನಿನ್ನ 'ನಿದಾನ'ವನ್ನು ಇನ್ನು ತಿದ್ದುವುದಿಲ್ಲ. ತಪ್ಪಾಗಿ ತಿದ್ದಿದ ಪದದ ಕೆಳಗೆ ಚುಕ್ಕಿ ಇಟ್ಟರೆ, ಇದ್ದದ್ದು ಹಾಗೇ ಇರಲಿ ಎಂದು ಪ್ರೆಸ್ಸಿನಲ್ಲಿ ಅರ್ಥ. ಚುಕ್ಕಿ ಇಟ್ಟಿದ್ದೇನೆ.

ನೀನು ಜೆಟ್ಟಿಯ ತುದಿಗೇ ಬಂದು ನಿಲ್ಲುತ್ತೀಯ ಎಂದು ಗೊತ್ತು. ಬೆಳಗಿನ ಹೊತ್ತು ಅಲ್ಲಿ ಪಾಚಿ ಜಾರುತ್ತದೆ. ಅದಕ್ಕೆ ನಿನಗೊಂದು ಮಾತು ಹೇಳಬೇಕು. ಆ ಮಾತನ್ನು ಇನ್ನು ಯಾವತ್ತೂ ಬರೆಯುವುದಿಲ್ಲ. ದೋಣಿಯಲ್ಲಿ ನಿಂತು ಬಾಯಲ್ಲೇ ಕೂಗಿ ಹೇಳುತ್ತೇನೆ. ಕಿವಿಗೊಟ್ಟು ಕೇಳು.

ಅಕ್ಕ